ಪ್ರೋಬ್ ಫೇಲ್ ಆದಾಗಲೆಲ್ಲ 32 ಕೆಬಿ: ಒಂದು ಯುಎಸ್‌ಬಿ ಡ್ರೈವರ್‌ನ ಮೆಮೊರಿ ಲೀಕ್ ಪ್ರಕರಣ

ದೂರು ಬಂದದ್ದು ಡ್ರೈವರ್ (ಸಾಧನವನ್ನು ನಡೆಸುವ ಕರ್ನಲ್ ಕೋಡ್) ಮೇಲಲ್ಲ, ಅಪ್ಲಿಕೇಶನ್ ಮೇಲೆ. ಒಂದು ಅಳತೆ ಉಪಕರಣದಿಂದ ಯುಎಸ್‌ಬಿ ಮೂಲಕ ಡೇಟಾ ಓದಿ ಸರ್ವರ್‌ಗೆ ಕಳಿಸುವ ಪುಟ್ಟ ಲಿನಕ್ಸ್ ಪೆಟ್ಟಿಗೆ ನಮ್ಮದು. 256 ಎಂಬಿ ರ‍್ಯಾಮ್, ಲಿನಕ್ಸ್‌ನ ತಿರುಳಾದ ಕರ್ನಲ್ 5.10. ಹೆಚ್ಚಿನ ಪೆಟ್ಟಿಗೆಗಳು ತಿಂಗಳುಗಟ್ಟಲೆ ತೊಂದರೆ ಇಲ್ಲದೆ ಓಡುತ್ತಿದ್ದವು. ಕೆಲವು ಮಾತ್ರ ಸುಮಾರು ಮೂರು ದಿನಕ್ಕೊಮ್ಮೆ ಬೀಳುತ್ತಿದ್ದವು. ಲಾಗ್ ತೆಗೆದರೆ ಓಓಎಂ ಕಿಲ್ಲರ್ (ಮೆಮೊರಿ ಖಾಲಿಯಾದಾಗ ಪ್ರೋಸೆಸ್ ಕೊಲ್ಲುವ ಕರ್ನಲ್ ಭಾಗ) ನಮ್ಮ ಡೇಟಾ ಓದುವ ಪ್ರೋಗ್ರಾಮನ್ನು ಕೊಂದ ಸಾಲು. ಅದರ ಹಿಂದೆ ಇನ್ನೊಂದು ಪ್ರೋಸೆಸ್, ಮತ್ತೊಂದು. ಕೊನೆಗೆ ವಾಚ್‌ಡಾಗ್ (ಪೆಟ್ಟಿಗೆ ಸ್ಪಂದಿಸುತ್ತಿದೆಯಾ ಅಂತ ನೋಡುವ ಕಾವಲು ಟೈಮರ್) ಪೆಟ್ಟಿಗೆಯನ್ನೇ ರೀಬೂಟ್ ಮಾಡುತ್ತಿತ್ತು.

ಅಪ್ಲಿಕೇಶನ್ ತಂಡದವರು ಎರಡು ವಾರ ತಮ್ಮ ಕೋಡ್ ಜಾಲಾಡಿದರು. ಲೀಕ್ ಹುಡುಕುವ ವಾಲ್‌ಗ್ರೈಂಡ್ ಹಾಕಿ ಓಡಿಸಿದರು. ಏನೂ ಸಿಗಲಿಲ್ಲ, ಯಾಕೆಂದರೆ ಅಲ್ಲಿ ಏನೂ ಇರಲಿಲ್ಲ. ಓಓಎಂ ಕಿಲ್ಲರ್ ಮೆಮೊರಿ ಸೋರಿಸಿದವರು, ಅಂದರೆ ಪಡೆದು ವಾಪಸ್ ಕೊಡದವರು, ಯಾರು ಅಂತ ಹುಡುಕುವುದಿಲ್ಲ. ಆ ಹೊತ್ತಿಗೆ ಯಾವ ಪ್ರೋಸೆಸ್ ಜಾಸ್ತಿ ಮೆಮೊರಿ ಇಟ್ಟುಕೊಂಡಿದೆಯೋ ಅದನ್ನು ಕೊಲ್ಲುತ್ತದೆ. ಆ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರೋಸೆಸ್ ಅವರದೇ ಆಗಿತ್ತು, ಅಷ್ಟೇ. ಕರ್ನಲ್ ಒಳಗೆ ಸೋರಿದ ಮೆಮೊರಿ ಯಾವ ಪ್ರೋಸೆಸ್‌ನ ಲೆಕ್ಕಕ್ಕೂ ಬರುವುದಿಲ್ಲ.

ಅಷ್ಟು ದಿನವೂ ಸುಳಿವು ಲಾಗ್‌ನಲ್ಲೇ ಇತ್ತು ಅನ್ನುವುದು ನನಗೆ ಈಗಲೂ ಬೇಜಾರು ತರಿಸುವ ಸಂಗತಿ. ಓಓಎಂ ಆದಾಗ ಕರ್ನಲ್ ಒಂದು ದೊಡ್ಡ ವರದಿ ಬರೆಯುತ್ತದೆ. ನಾವೆಲ್ಲ ಅದರ ಕೊನೆಯ ಸಾಲು ಮಾತ್ರ ಓದುತ್ತೇವೆ: ಯಾವ ಪ್ರೋಸೆಸ್ ಸತ್ತಿತು ಅನ್ನುವುದು. ಅದಕ್ಕೂ ಮೇಲೆ ‘ಸ್ಲ್ಯಾಬ್_ಅನ್‌ರಿಕ್ಲೇಮಬಲ್’ ಅಂತ ಒಂದು ಸಂಖ್ಯೆ ಇರುತ್ತದೆ. ಅಂದರೆ ಕರ್ನಲ್ ತನಗಾಗಿ ತೆಗೆದುಕೊಂಡು, ಒತ್ತಡ ಬಂದರೂ ವಾಪಸ್ ಕೊಡಲಾಗದ ಪುಟಗಳು. ನಮ್ಮ ಲಾಗ್‌ನಲ್ಲಿ ಅದು 36 ಸಾವಿರದ ಮೇಲಿತ್ತು. ಒಂದು ಪುಟ 4 ಕೆಬಿ. ಲೆಕ್ಕ ಹಾಕಿ: 140 ಎಂಬಿಗೂ ಜಾಸ್ತಿ. ಒಟ್ಟು ರ‍್ಯಾಮಿನ ಅರ್ಧಕ್ಕಿಂತ ಹೆಚ್ಚು ಕರ್ನಲ್ ಹೊಟ್ಟೆಯಲ್ಲೇ ಕೂತಿತ್ತು.

ಅಲ್ಲಿಂದ ಕೆಲಸ ನನ್ನ ಮೇಜಿಗೆ ಬಂತು. ತೊಂದರೆ ಇರುವ ಒಂದು ಪೆಟ್ಟಿಗೆಗೆ ಲಾಗಿನ್ ಆಗಿ, ಕರ್ನಲ್ ಮೆಮೊರಿಯ ಲೆಕ್ಕ ತೋರಿಸುವ ಸ್ಲ್ಯಾಬ್‌ಟಾಪ್ ಓಡಿಸಿದೆ. ‘ಕೆಮಾಲಾಕ್-4ಕೆ’ ಸಾಲು, ಅಂದರೆ 4 ಕೆಬಿ ತುಂಡುಗಳ ಎಣಿಕೆ, ಮೇಲಕ್ಕೆ ಹತ್ತುತ್ತಿತ್ತು. ಹತ್ತು ನಿಮಿಷ ಬಿಟ್ಟು ನೋಡಿದೆ, ಸುಮಾರು 80 ವಸ್ತು ಜಾಸ್ತಿಯಾಗಿತ್ತು. ಇನ್ನೂ ಹತ್ತು ನಿಮಿಷಕ್ಕೆ ಮತ್ತೆ ಅಷ್ಟೇ. ನಿಮಿಷಕ್ಕೆ 8. ಇಷ್ಟು ಸಮನಾಗಿ ಏರುವುದು ಟ್ರಾಫಿಕ್‌ನಿಂದ ಬರುವ ಲೀಕ್ ಅಲ್ಲ. ಯಾವುದೋ ಗಡಿಯಾರ ಇದನ್ನು ನಡೆಸುತ್ತಿದೆ ಅಂತ ಆಗಲೇ ಅನ್ನಿಸಿತು.

ಕರ್ನಲ್ ಲಾಗ್‌ನಲ್ಲಿ ನಿಮಿಷಕ್ಕೊಂದು ಸಾಲು ಬೀಳುತ್ತಿತ್ತು: ಪ್ರೋಬ್ ಫೇಲ್, ಎರರ್ -110. ಅಂದರೆ ಟೈಮ್‌ಔಟ್. ಪ್ರೋಬ್ ಅಂದರೆ ಸಾಧನ ಸಿಕ್ಕಾಗ ಅದನ್ನು ಸಜ್ಜು ಮಾಡಲು ಕರ್ನಲ್ ಕರೆಯುವ ಡ್ರೈವರ್‌ನ ಫಂಕ್ಷನ್. ಕಾರಣ ಸರಳ. ಉಪಕರಣದ ಯುಎಸ್‌ಬಿ ಚಿಪ್‌ಗೆ ಕರೆಂಟ್ ಕೇಬಲ್‌ನಿಂದಲೇ ಬರುತ್ತದೆ. ಚಿಪ್‌ನ ಹಿಂದಿರುವ ಮುಖ್ಯ ಬೋರ್ಡ್‌ಗೆ ಬೇರೆ ಸ್ವಿಚ್ ಇದೆ. ಆ ಸ್ವಿಚ್ ಆಫ್ ಮಾಡಿಟ್ಟರೆ ಕರ್ನಲ್‌ಗೆ ಸಾಧನ ಕಾಣುತ್ತದೆ, ಆದರೆ ಆರಂಭದ ಕಮಾಂಡ್‌ಗೆ ಉತ್ತರ ಬರುವುದಿಲ್ಲ. ಸಾಧನದ ಫೈಲ್ ಕಾಣದಿದ್ದರೆ ಪ್ರತಿ ನಿಮಿಷ ಡ್ರೈವರನ್ನು ಸಾಧನಕ್ಕೆ ಜೋಡಿಸುವ ‘ಬೈಂಡ್’ ಫೈಲ್‌ಗೆ ಬರೆದು ಮತ್ತೆ ಪ್ರಯತ್ನಿಸುವ ಒಂದು ಸ್ಕ್ರಿಪ್ಟ್ ಪೆಟ್ಟಿಗೆಯಲ್ಲಿತ್ತು. ಉಪಕರಣವನ್ನು ಆಫ್ ಮಾಡಿಟ್ಟ ಜಾಗಗಳಲ್ಲಿ ಮಾತ್ರ ಪೆಟ್ಟಿಗೆ ಬೀಳುತ್ತಿತ್ತು. ನಮ್ಮ ಲ್ಯಾಬ್‌ನಲ್ಲಿ ಉಪಕರಣ ಸದಾ ಆನ್. ಹಾಗಾಗಿ ನಾವು ಇದನ್ನು ಎಂದೂ ಕಂಡಿರಲಿಲ್ಲ.

ಕೂಡಿಸಿದರೆ ಎಲ್ಲ ಹೊಂದುತ್ತಿತ್ತು. ಒಂದು ಪ್ರೋಬ್ ಫೇಲ್ ಆದರೆ 4096 ಬೈಟ್‌ನ 8 ಬಫರ್, ಅಂದರೆ 32 ಕೆಬಿ. ದಿನಕ್ಕೆ 1440 ನಿಮಿಷ. 1440ನ್ನು 32ರಿಂದ ಗುಣಿಸಿದರೆ 46,080 ಕೆಬಿ, ದಿನಕ್ಕೆ 45 ಎಂಬಿ. ಬೂಟ್ ಆದಾಗ ಖಾಲಿ ಇರುತ್ತಿದ್ದದ್ದು ಸುಮಾರು 140 ಎಂಬಿ. ಮೂರು ದಿನ, ಇನ್ನು ಸ್ವಲ್ಪ ಹೊತ್ತು.

ಈ ಲೆಕ್ಕ ತೋರಿಸಿದಾಗ ಸಭೆಯಲ್ಲಿ ಒಂದು ಸಲಹೆ ಬಂತು: ಸ್ಕ್ರಿಪ್ಟ್ ನಿಮಿಷದ ಬದಲು ಗಂಟೆಗೊಮ್ಮೆ ಪ್ರಯತ್ನಿಸಲಿ, ಅಲ್ಲಿಗೆ ಮುಗೀತು ಅಲ್ವಾ? ನಾನು ಒಪ್ಪಲಿಲ್ಲ. ಹಾಗೆ ಮಾಡಿದರೆ ಮೂರು ದಿನದ ಜಾಗದಲ್ಲಿ ಆರು ತಿಂಗಳಿಗೆ ಪೆಟ್ಟಿಗೆ ಬೀಳುತ್ತದೆ, ಆಗ ಕಾರಣ ಹುಡುಕುವುದು ಇನ್ನೂ ಕಷ್ಟ. ಸ್ಕ್ರಿಪ್ಟ್ ತಪ್ಪೇನೂ ಮಾಡಿರಲಿಲ್ಲ. ಪ್ರೋಬ್ ಫೇಲ್ ಆಗುವುದು ತಪ್ಪಲ್ಲ. ಫೇಲ್ ಆದ ಪ್ರೋಬ್ ತನ್ನ ಹಿಂದೆ ಏನನ್ನೂ ಬಿಟ್ಟುಹೋಗಬಾರದು, ಅದು ಡ್ರೈವರ್‌ನ ಕರ್ತವ್ಯ.

ಎಲ್ಲಿ ಸೋರುತ್ತಿದೆ ಅಂತ ಖಚಿತ ಮಾಡಿಕೊಳ್ಳಲು ಕೆಮೆಮ್‌ಲೀಕ್ ಬಳಸಿದೆ. 2009ರಲ್ಲಿ 2.6.31ರ ಜೊತೆ ಕರ್ನಲ್‌ಗೆ ಸೇರಿದ ಸಾಧನ ಇದು. ಪ್ರತಿ ಅಲೊಕೇಶನ್ನನ್ನೂ (ಮೆಮೊರಿ ಪಡೆದದ್ದನ್ನೂ) ನೆನಪಿಟ್ಟುಕೊಂಡು, ಆಗಾಗ ಮೆಮೊರಿಯನ್ನು ಸ್ಕ್ಯಾನ್ ಮಾಡಿ, ಯಾವ ವಸ್ತುವಿನ ವಿಳಾಸ ಎಲ್ಲೂ ಸಿಗುವುದಿಲ್ಲವೋ ಅದನ್ನು ಅನಾಥ ಅಂತ ಪಟ್ಟಿ ಮಾಡುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷಕ್ಕೊಮ್ಮೆ ತಾನಾಗಿ ಸ್ಕ್ಯಾನ್ ಆಗುತ್ತದೆ. ಬೇಕೆಂದಾಗ ಡೀಬಗ್‌ಎಫ್‌ಎಸ್‌ನ (ಕರ್ನಲ್‌ನ ಡೀಬಗ್ ಫೈಲ್‌ಗಳ ಜಾಗ) ಅದರ ಫೈಲ್‌ಗೆ ‘ಸ್ಕ್ಯಾನ್’ ಅಂತ ಬರೆದರೂ ಆಗುತ್ತದೆ. ಅದು ತಾನೇ ತುಂಬ ಮೆಮೊರಿ ತಿನ್ನುವುದರಿಂದ 256 ಎಂಬಿ ಪೆಟ್ಟಿಗೆಯಲ್ಲಿ ಹಾಕಲಿಲ್ಲ. ಜಾಸ್ತಿ ರ‍್ಯಾಮ್ ಇರುವ ಡೆವಲಪ್‌ಮೆಂಟ್ ಬೋರ್ಡ್‌ನಲ್ಲಿ ಅದೇ ಡ್ರೈವರ್ ಹಾಕಿ, ಉಪಕರಣದ ಸ್ವಿಚ್ ಆಫ್ ಮಾಡಿ ಕೂತೆ.

ಮೊದಲು ‘ಕ್ಲಿಯರ್’ ಬರೆದು ಹಳೆಯ ಪಟ್ಟಿ ಅಳಿಸಿದೆ. ಆಮೇಲೆ ಲೂಪ್‌ನಲ್ಲಿ ನೂರು ಸಲ ಬೈಂಡ್ ಮಾಡಿಸಿದೆ, ನೂರೂ ಫೇಲ್. ನಂತರ ಸ್ಕ್ಯಾನ್. ಒಂದು ಪ್ರೋಬ್‌ಗೆ 8 ಬಫರ್ ಮತ್ತು 8 ಯುಆರ್‌ಬಿ (ಯುಎಸ್‌ಬಿ ವರ್ಗಾವಣೆಯ ಕೋರಿಕೆ), ಹಾಗಾಗಿ 1600 ವಸ್ತು ಬರಬೇಕು ಅಂತ ಕಾಗದದ ಮೇಲೆ ಮೊದಲೇ ಬರೆದಿಟ್ಟಿದ್ದೆ. ಬಂದದ್ದು 1597. ಮೂರು ಎಲ್ಲಿ ಹೋದವು ಅಂತ ಗಾಬರಿಯಾಗಬೇಕಿಲ್ಲ. ಕೆಮೆಮ್‌ಲೀಕ್ ಸ್ಟ್ಯಾಕ್‌ನಲ್ಲಿ ಹಳೆಯ ವಿಳಾಸದಂತೆ ಕಾಣುವ ಸಂಖ್ಯೆ ಕಂಡರೂ ‘ಇದಕ್ಕೆ ಯಾರೋ ವಾರಸುದಾರರಿದ್ದಾರೆ’ ಅಂದುಕೊಂಡು ಬಿಟ್ಟುಬಿಡುತ್ತದೆ. ಮುಂದಿನ ಸ್ಕ್ಯಾನ್‌ನಲ್ಲಿ ಅವೂ ಬಂದವು.

ಒಂದು ವರದಿಯನ್ನು ಹತ್ತಿರದಿಂದ ನೋಡೋಣ. ಮೊದಲ ಸಾಲಿನಲ್ಲಿ ವಿಳಾಸ ಮತ್ತು ಗಾತ್ರ: 4096. ಎರಡನೆಯ ಸಾಲಿನಲ್ಲಿ ಅಲೊಕೇಶನ್ ಆದಾಗ ಓಡುತ್ತಿದ್ದ ಪ್ರೋಸೆಸ್‌ನ ಹೆಸರು: ‘ಎಸ್‌ಎಚ್’. ಅದರ ಕೆಳಗೆ ಮೊದಲ 32 ಬೈಟ್‌ಗಳು, ಎಲ್ಲ ಸೊನ್ನೆ. ಕೊನೆಗೆ ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಅನ್ನುವ ಸರಣಿ): ನಮ್ಮ ಡ್ರೈವರ್‌ನ ಪ್ರೋಬ್, ಅದರ ಒಳಗೆ ಬಫರ್ ಕೊಡುವ ಫಂಕ್ಷನ್. ಆ ಪ್ರೋಸೆಸ್ ಹೆಸರನ್ನು ತುಂಬ ಜನ ಗಮನಿಸುವುದಿಲ್ಲ. ಕೇಬಲ್ ಚುಚ್ಚಿದಾಗ ನಡೆಯುವ ಪ್ರೋಬ್ ಆಗಿದ್ದರೆ ಅಲ್ಲಿ ಕರ್ನಲ್‌ನದೇ ಆದ ‘ಕೆವರ್ಕರ್’ ಇರುತ್ತಿತ್ತು. ಶೆಲ್ ಹೆಸರು ಇದೆ ಅಂದರೆ ಬೈಂಡ್ ಫೈಲ್‌ಗೆ ಬರೆದವರಿಂದ ಈ ಪ್ರೋಬ್ ಶುರುವಾಗಿದೆ ಅಂತ. ಸೊನ್ನೆ ಬೈಟ್‌ಗಳೂ ಒಂದು ಸಾಕ್ಷಿ: ಈ ಬಫರ್‌ಗೆ ಡೇಟಾ ಬರುವ ಮೊದಲೇ ಕೈಬಿಟ್ಟಿದ್ದಾರೆ.

ಈಗ ಕೋಡ್‌ಗೆ ಬರೋಣ. ಪ್ರೋಬ್‌ನ ಮೊದಲ ರೂಪ ಹೀಗಿತ್ತು. ಡ್ರೈವರ್ ತನ್ನ ಲೆಕ್ಕ ಇಡುವ ಖಾಸಗಿ ಸ್ಟ್ರಕ್ಚರ್‌ಗೆ ಕೆಜಡ್‌ಅಲಾಕ್, ಅಂದರೆ ಸೊನ್ನೆ ತುಂಬಿದ ಮೆಮೊರಿ. ಯುಎಸ್‌ಬಿ_ಗೆಟ್_ಡೆವ್ ಕರೆದು ಸಾಧನದ ಮೇಲೆ ಒಂದು ರೆಫರೆನ್ಸ್, ಅಂದರೆ ‘ನಾನಿನ್ನೂ ಬಳಸುತ್ತಿದ್ದೇನೆ’ ಅನ್ನುವ ಎಣಿಕೆ. ಉಪಕರಣಕ್ಕೆ ಆರಂಭದ ಕಮಾಂಡ್. ಆಮೇಲೆ 8 ಬಫರ್, 8 ಯುಆರ್‌ಬಿ. ಅವನ್ನು ಸಬ್ಮಿಟ್ ಮಾಡುವುದು. ಕೊನೆಗೆ ಸಾಧನದ ಫೈಲ್ ತೋರಿಸುವ ಮಿಸ್ಕ್_ರಿಜಿಸ್ಟರ್. ಕೆಳಗೆ ಎರಡು ಲೇಬಲ್, ಅಂದರೆ ಒಂದು ಹೆಜ್ಜೆ ಫೇಲ್ ಆದಾಗ ‘ಗೋಟು’ ಹಾರಿಹೋಗುವ ಗುರುತುಗಳು: ‘ಎರರ್_ಕಿಲ್’ ಯುಆರ್‌ಬಿಗಳನ್ನು ನಿಲ್ಲಿಸಿ ಬಫರ್‌ಗಳನ್ನು ಬಿಡಿಸಿ ಕೆಳಗಿನ ‘ಎರರ್_ಫ್ರೀ’ಗೆ ಇಳಿಯುತ್ತಿತ್ತು. ‘ಎರರ್_ಫ್ರೀ’ ಖಾಸಗಿ ಸ್ಟ್ರಕ್ಚರನ್ನು ಕೆಫ್ರೀ ಮಾಡಿ ಬಿಡಿಸುತ್ತಿತ್ತು. ಆರಂಭದ ಕಮಾಂಡ್ ಫೇಲ್ ಆದರೆ ಗೋಟು ‘ಎರರ್_ಫ್ರೀ’. ಆ ಹೊತ್ತಿಗೆ ಬಫರ್ ಇನ್ನೂ ತೆಗೆದುಕೊಂಡಿರಲಿಲ್ಲ, ಹಾಗಾಗಿ ಬಫರ್ ಮಟ್ಟಿಗೆ ಸರಿಯಾಗಿಯೇ ಇತ್ತು.

ಒಂದು ವರ್ಷದ ನಂತರ ಬೇರೊಂದು ತೊಂದರೆ ಬಂತು. ಕಮಾಂಡ್ ಕೊಟ್ಟ ತಕ್ಷಣ ಉಪಕರಣ ಡೇಟಾ ಸುರಿಯಲು ಶುರು ಮಾಡುತ್ತದೆ. ನಾವು ಆಮೇಲೆ ಬಫರ್ ತೆಗೆದುಕೊಳ್ಳುತ್ತಾ ಕೂತರೆ ಮೊದಲ ಕೆಲವು ಪ್ಯಾಕೆಟ್ ಕಳೆದುಹೋಗುತ್ತವೆ. ಒಬ್ಬ ಸಹೋದ್ಯೋಗಿ ಬಫರ್ ತೆಗೆದುಕೊಳ್ಳುವ ಸಾಲುಗಳನ್ನು ಕಮಾಂಡ್‌ಗಿಂತ ಮೇಲಕ್ಕೆ ಸರಿಸಿದರು. ಒಳ್ಳೆಯ ಪ್ಯಾಚ್, ಪ್ಯಾಕೆಟ್ ಕಳೆಯುವುದು ನಿಂತಿತು. ಆದರೆ ಕಮಾಂಡ್ ಫೇಲ್ ಆದಾಗಿನ ಗೋಟು ಇನ್ನೂ ‘ಎರರ್_ಫ್ರೀ’ ಕಡೆಗೇ ತೋರಿಸುತ್ತಿತ್ತು. ಈಗ ಆ ದಾರಿಯಲ್ಲಿ 32 ಕೆಬಿ ಕೈಯಲ್ಲಿದೆ. ಖಾಸಗಿ ಸ್ಟ್ರಕ್ಚರ್ ಹೋದ ಕೂಡಲೇ ಆ ಬಫರ್‌ಗಳ ವಿಳಾಸ ಗೊತ್ತಿದ್ದ ಒಂದೇ ಜಾಗವೂ ಹೋಯಿತು.

ಆ ಪ್ಯಾಚ್ ರಿವ್ಯೂ ಮಾಡಿ ಒಪ್ಪಿಗೆ ಕೊಟ್ಟವನು ನಾನೇ. ಹಳೆಯ ಡಿಫ್ (ಬದಲಾದ ಸಾಲುಗಳ ಪಟ್ಟಿ) ತೆರೆದು ಮತ್ತೆ ಓದಿದೆ. ಒಂದು ಕಡೆ ಆರು ಸಾಲು ಮೈನಸ್, ಇನ್ನೊಂದು ಕಡೆ ಅದೇ ಆರು ಸಾಲು ಪ್ಲಸ್. ಸುತ್ತ ಮೂರು ಮೂರು ಸಾಲು ಸಂದರ್ಭ. ತಪ್ಪಾದ ಗೋಟು ಸಾಲನ್ನು ಯಾರೂ ಮುಟ್ಟಿರಲಿಲ್ಲ. ಲೇಬಲ್‌ಗಳು 60 ಸಾಲು ಕೆಳಗೆ ಇದ್ದವು, ಡಿಫ್‌ನಲ್ಲಿ ಅವು ಬರಲೇ ಇಲ್ಲ. ಸಾಲು ಯಾವ ಕಮಿಟ್‌ನಿಂದ ಬಂತು ಅಂತ ಹೇಳುವ ಗಿಟ್ ಬ್ಲೇಮ್ ಹಾಕಿದರೂ ಆ ಗೋಟು ಸಾಲು ಮೊದಲ ದಿನದ ಕಮಿಟ್‌ನ ಹೆಸರನ್ನೇ ತೋರಿಸುತ್ತದೆ. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು. ಎರರ್ ದಾರಿ ಕೆಡುವುದು ಅದನ್ನು ಬರೆದ ದಿನ ಅಲ್ಲ. ಮೇಲೆ ಒಂದು ಹೆಜ್ಜೆ ಜಾಗ ಬದಲಿಸಿದ ದಿನ. ಕೆಟ್ಟ ಸಾಲು ಆ ದಿನದ ಪ್ಯಾಚ್‌ನಲ್ಲಿ ಇರುವುದೇ ಇಲ್ಲ. ಹಾಗಾಗಿ ಪ್ರೋಬ್‌ನಲ್ಲಿ ಸಾಲು ಹಿಂದೆ ಮುಂದೆ ಆಗಿರುವ ಪ್ಯಾಚ್ ಬಂದರೆ ನಾನೀಗ ಡಿಫ್ ನೋಡುವುದಿಲ್ಲ. ಪ್ಯಾಚ್ ಹಾಕಿ ಇಡೀ ಫಂಕ್ಷನ್ ತೆರೆದು, ಒಂದೊಂದು ಗೋಟು ಹತ್ತಿರವೂ ನಿಂತು, ‘ಈ ಕ್ಷಣಕ್ಕೆ ಕೈಯಲ್ಲಿ ಏನೇನಿದೆ’ ಅಂತ ಎಣಿಸುತ್ತೇನೆ.

ಸರಿಪಡಿಸುವುದು ಸುಲಭ ಅಂದುಕೊಂಡೆ. ಮಧ್ಯದಲ್ಲಿ ‘ಎರರ್_ಫ್ರೀ_ಆರ್‌ಎಕ್ಸ್’ ಅಂತ ಹೊಸ ಲೇಬಲ್ ಇಟ್ಟು, ಕಮಾಂಡ್‌ನ ಗೋಟು ಅಲ್ಲಿಗೆ ತಿರುಗಿಸಿದೆ. ಒಂದೇ ಥರ ಇರಲಿ ಅಂತ ಬಫರ್ ತೆಗೆದುಕೊಳ್ಳುವ ಹೆಜ್ಜೆಯ ಗೋಟು ಕೂಡ ಅಲ್ಲಿಗೇ ತಿರುಗಿಸಿದೆ. ಅಲ್ಲೇ ತಪ್ಪಿದ್ದು. ಆ ಫಂಕ್ಷನ್ ಐದನೆಯ ಬಫರ್‌ನಲ್ಲಿ ಫೇಲ್ ಆದರೆ ಮೊದಲ ನಾಲ್ಕನ್ನು ತಾನೇ ಬಿಡಿಸಿ ವಾಪಸ್ ಬರುತ್ತಿತ್ತು. ಆದರೆ ಖಾಸಗಿ ಸ್ಟ್ರಕ್ಚರ್‌ನಲ್ಲಿ ಆ ನಾಲ್ಕರ ವಿಳಾಸ ಹಾಗೇ ಉಳಿಯುತ್ತಿತ್ತು. ನನ್ನ ಹೊಸ ಲೇಬಲ್ ಅವನ್ನು ಮತ್ತೊಮ್ಮೆ ಬಿಡಿಸಿತು. ಲೀಕ್ ಹೋಗಿ ಡಬಲ್ ಫ್ರೀ ಬಂತು. ಲೀಕ್ ಆದರೆ ಪೆಟ್ಟಿಗೆ ಮೂರು ದಿನಕ್ಕೆ ಬೀಳುತ್ತದೆ. ಡಬಲ್ ಫ್ರೀ ಆದರೆ ಬೇರೆ ಯಾರದೋ ಮೆಮೊರಿ ಕೆಡುತ್ತದೆ, ಎಲ್ಲಿ ಅಂತ ಹೇಳಲೂ ಆಗುವುದಿಲ್ಲ. ಅದು ಇನ್ನೂ ಕೆಟ್ಟದ್ದು.

ಇದು ಪೆಟ್ಟಿಗೆಗಳಿಗೆ ಹೋಗುವ ಮೊದಲೇ ಸಿಕ್ಕಿತು. ಸಿಕ್ಕಿದ್ದು ಫಾಲ್ಟ್ ಇಂಜೆಕ್ಷನ್‌ನಿಂದ. ಕರ್ನಲ್‌ನಲ್ಲಿ ಫೇಲ್‌ಸ್ಲ್ಯಾಬ್ ಅಂತ ಇದೆ, ಅಲೊಕೇಶನ್‌ಗಳನ್ನು ಬೇಕೆಂದೇ ಫೇಲ್ ಮಾಡಿಸುತ್ತದೆ. ಅದರ ಜೊತೆ ‘ಫೇಲ್-ಎನ್ತ್’ ಫೈಲ್‌ಗೆ ಒಂದು ಸಂಖ್ಯೆ ಬರೆದರೆ ಆ ಪ್ರೋಸೆಸ್‌ನ ಅಷ್ಟನೆಯ ಅಲೊಕೇಶನ್ ಮಾತ್ರ ಫೇಲ್ ಆಗುತ್ತದೆ. 1, 2, 3 ಅಂತ ಏರಿಸುತ್ತಾ ಪ್ರತಿ ಸಲವೂ ಬೈಂಡ್ ಮಾಡಿದರೆ ಪ್ರೋಬ್‌ನ ಪ್ರತಿ ಅಲೊಕೇಶನ್ನೂ ಒಂದೊಂದು ಸಲ ಫೇಲ್ ಆಗಿ ನೋಡಬಹುದು. ಆಮೇಲೆ ಆ ಫೈಲ್ ಓದಿದರೆ ಸೊನ್ನೆ ಬಂದರೆ ಫೇಲ್ ಮಾಡಿಸಿದೆ ಅಂತ, ಸಂಖ್ಯೆ ಉಳಿದಿದ್ದರೆ ಅಲ್ಲಿಯವರೆಗೆ ತಲುಪಲೇ ಇಲ್ಲ ಅಂತ. ಸೊನ್ನೆ ಬರುವುದು ನಿಂತರೆ ಪರೀಕ್ಷೆ ಮುಗಿಯಿತು.

ಇಲ್ಲೊಂದು ವಿಷಯ ಹೇಳಲೇಬೇಕು. ಮೊದಲ ಸಲ ಓಡಿಸಿದಾಗ ಎಲ್ಲ ಪಾಸ್ ಆಯಿತು. ಖುಷಿಪಟ್ಟು ಮುಚ್ಚಿಡಬಹುದಿತ್ತು. ಆದರೆ ಪ್ರೋಬ್ ಒಮ್ಮೆಯೂ ಮೆಮೊರಿ ಇಲ್ಲ ಅನ್ನಲಿಲ್ಲ ಅನ್ನುವುದು ವಿಚಿತ್ರ ಅನ್ನಿಸಿತು. ಫೇಲ್‌ಸ್ಲ್ಯಾಬ್‌ನಲ್ಲಿ ‘ಇಗ್ನೋರ್-ಜಿಎಫ್‌ಪಿ-ವೇಟ್’ ಅನ್ನುವ ಸೆಟ್ಟಿಂಗ್ ನಾವು ಏನೂ ಮಾಡದಿದ್ದರೆ ಆನ್ ಇರುತ್ತದೆ. ಹಾಗಿದ್ದಾಗ ಕಾಯಲು ಒಪ್ಪುವ ಅಲೊಕೇಶನ್‌ಗಳನ್ನು ಅದು ಫೇಲ್ ಮಾಡುವುದೇ ಇಲ್ಲ. ಪ್ರೋಬ್‌ನಲ್ಲಿ ಇರುವುದೆಲ್ಲ ಅಂಥವೇ, ಎಲ್ಲ ಜಿಎಫ್‌ಪಿ_ಕರ್ನಲ್. ಅಂದರೆ ನನ್ನ ಪರೀಕ್ಷೆ ಏನನ್ನೂ ಪರೀಕ್ಷಿಸಿರಲಿಲ್ಲ. ಅದನ್ನು ‘ಎನ್’, ಅಂದರೆ ಆಫ್, ಮಾಡಿ ಮತ್ತೆ ಓಡಿಸಿದೆ. ಮೆಮೊರಿ ತಪ್ಪು ಹಿಡಿಯುವ ಕರ್ನಲ್‌ನ ಕಾಸಾನ್ ಆನ್ ಇದ್ದದ್ದರಿಂದ ಕೂಡಲೇ ಡಬಲ್ ಫ್ರೀ ವರದಿ ಬಂತು, ಸಾಲು ಸಂಖ್ಯೆ ಸಮೇತ.

ಆಮೇಲೆ ಒಂದು ನಿಯಮ ಇಟ್ಟುಕೊಂಡು ಬರೆದೆ. ಫೇಲ್ ಆದ ಫಂಕ್ಷನ್ ಏನನ್ನೂ ಉಳಿಸದೆ ವಾಪಸ್ ಬರಬೇಕು. ಕರೆದವರು ಕೊನೆಯದಾಗಿ ಗೆದ್ದ ಹೆಜ್ಜೆಯ ಲೇಬಲ್‌ಗೆ ಹೋಗಬೇಕು, ಸೋತ ಹೆಜ್ಜೆಯದಕ್ಕಲ್ಲ. ಲೇಬಲ್‌ಗೆ ಅದು ಮಾಡುವ ಕೆಲಸದ ಹೆಸರೇ ಇರಬೇಕು. ‘ಎರರ್1’, ‘ಎರರ್2’ ಅಂತ ನಂಬರ್ ಹಾಕಬೇಡಿ ಅಂತ ಕರ್ನಲ್‌ನ ಕೋಡಿಂಗ್ ಸ್ಟೈಲ್ ದಾಖಲೆಯೂ ಹೇಳುತ್ತದೆ. ಮಧ್ಯೆ ಒಂದು ಹೆಜ್ಜೆ ಸೇರಿಸಿದರೆ ಎಲ್ಲ ನಂಬರ್ ಬದಲಿಸಬೇಕು, ಯಾರೂ ಬದಲಿಸುವುದಿಲ್ಲ. ಮಿಸ್ಕ್_ರಿಜಿಸ್ಟರ್ ಕೊನೆಯಲ್ಲೇ ಉಳಿಸಿದೆ. ಅದು ಗೆದ್ದ ಕ್ಷಣದಿಂದ ಯಾರು ಬೇಕಾದರೂ ಫೈಲ್ ತೆರೆಯಬಹುದು, ಅದರ ನಂತರ ಫೇಲ್ ಆಗುವ ಹೆಜ್ಜೆ ಇರಬಾರದು.

ನೂರು ಫೇಲ್, ಸ್ಕ್ಯಾನ್, ಪಟ್ಟಿ ಖಾಲಿ. ಕೇಬಲ್ ಕಿತ್ತು ಎದ್ದು ಹೋಗುವವನಿದ್ದೆ. ಹತ್ತು ನಿಮಿಷದ ಮಾಮೂಲಿ ಸ್ಕ್ಯಾನ್ ತಾನಾಗಿ ಓಡಿತು. ಪಟ್ಟಿಯಲ್ಲಿ ಮತ್ತೆ ನಾಲ್ಕೈದು ವಸ್ತು. ಈ ಸಲ ಬ್ಯಾಕ್‌ಟ್ರೇಸ್‌ನಲ್ಲಿ ನಮ್ಮ ಡ್ರೈವರ್ ಹೆಸರೇ ಇಲ್ಲ. ಯುಎಸ್‌ಬಿ_ಅಲಾಕ್_ಡೆವ್, ಹಬ್ ಕೋಡ್, ಕೆವರ್ಕರ್. ಇದು ಕರ್ನಲ್‌ನ ಯುಎಸ್‌ಬಿ ಕೋರ್‌ನ ಬಗ್ ಅಂತ ಹೇಳಿ ಕೈತೊಳೆದುಕೊಳ್ಳುವುದು ಸುಲಭವಿತ್ತು. ಆದರೆ ಕೆಮೆಮ್‌ಲೀಕ್ ತೋರಿಸುವುದು ವಸ್ತುವನ್ನು ಪಡೆದವರನ್ನು, ಅದನ್ನು ಬಿಡದೆ ಹಿಡಿದವರನ್ನಲ್ಲ. ನಮ್ಮ ಪ್ರೋಬ್ ಯುಎಸ್‌ಬಿ_ಗೆಟ್_ಡೆವ್ ಕರೆದು ರೆಫರೆನ್ಸ್ ತೆಗೆದುಕೊಂಡಿತ್ತು. ಅದಕ್ಕೆ ಜೋಡಿಯಾದ ಯುಎಸ್‌ಬಿ_ಪುಟ್_ಡೆವ್ ಡಿಸ್‌ಕನೆಕ್ಟ್ ದಾರಿಯಲ್ಲಿ ಮಾತ್ರ ಇತ್ತು, ಎರರ್ ದಾರಿಯಲ್ಲಿ ಇರಲಿಲ್ಲ. ನೂರು ಸಲ ಫೇಲ್ ಆಗಿ ಎಣಿಕೆ ನೂರು ಜಾಸ್ತಿಯಾಗಿತ್ತು. ಕೇಬಲ್ ಇರುವವರೆಗೆ ಸಾಧನ ಹೇಗೂ ಬದುಕಿರಬೇಕು, ಹಾಗಾಗಿ ಯಾವ ಲೀಕೂ ಕಾಣಲಿಲ್ಲ. ಕಿತ್ತ ಮೇಲೂ ಎಣಿಕೆ ಸೊನ್ನೆಗೆ ಇಳಿಯಲಿಲ್ಲ. ಆ ಸ್ಟ್ರಕ್ಚರ್, ಅದರ ಡಿಸ್ಕ್ರಿಪ್ಟರ್‌ಗಳು ಎಲ್ಲ ಹಾಗೇ ಉಳಿದವು. ಈ ತಪ್ಪು ಡ್ರೈವರ್ ಹುಟ್ಟಿದ ದಿನದಿಂದಲೂ ಇತ್ತು.

ಎರಡನ್ನೂ ಒಂದೇ ಪ್ಯಾಚ್‌ನಲ್ಲಿ ಸೇರಿಸಲಿಲ್ಲ. ಬಫರ್ ಲೀಕ್ ಬಂದದ್ದು ಸಾಲು ಸರಿಸಿದ ಕಮಿಟ್‌ನಿಂದ, ರೆಫರೆನ್ಸ್ ಲೀಕ್ ಬಂದದ್ದು ಮೊದಲ ಕಮಿಟ್‌ನಿಂದ. ಎರಡು ಪ್ಯಾಚ್, ಎರಡು ‘ಫಿಕ್ಸಸ್’ ಸಾಲು, ಪ್ರತಿಯೊಂದಕ್ಕೂ ಅದರದೇ ಕಮಿಟ್‌ನ 12 ಅಕ್ಷರದ ಗುರುತು. ಹಳೆಯ ಬಿಡುಗಡೆ ಓಡಿಸುತ್ತಿದ್ದ ಪೆಟ್ಟಿಗೆಗಳಿಗೆ ಎರಡನೆಯದು ಮಾತ್ರ ಬೇಕಿತ್ತು, ಹೀಗೆ ಬೇರೆ ಇಟ್ಟದ್ದರಿಂದ ಕೆಲಸ ಸಲೀಸಾಯಿತು.

‘ಡೆವ್‌ಎಂ ಬಳಸಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ ಅಲ್ವಾ’ ಅಂತ ತಂಡದಲ್ಲಿ ಕೇಳಿದರು. ಒಳ್ಳೆಯ ಪ್ರಶ್ನೆ. 2007ರಲ್ಲಿ 2.6.21ರಲ್ಲಿ ಬಂದ ವ್ಯವಸ್ಥೆ ಅದು, ತೇಜುನ್ ಹಿಯೋ ಅವರ ಕೆಲಸ. ಡೆವ್‌ಎಂ_ಕೆಜಡ್‌ಅಲಾಕ್‌ನಿಂದ ಪಡೆದದ್ದನ್ನು ಪ್ರೋಬ್ ಫೇಲ್ ಆದಾಗ ಅಥವಾ ಸಾಧನ ಬಿಟ್ಟಾಗ ಕರ್ನಲ್ ತಾನೇ ಬಿಡಿಸುತ್ತದೆ. ಬಫರ್‌ಗಳಿಗೆ ಅದು ಸರಿಹೋಗುತ್ತಿತ್ತು. ಖಾಸಗಿ ಸ್ಟ್ರಕ್ಚರ್‌ಗೆ ಮಾತ್ರ ಬೇಡ ಅಂದೆ. ಅಪ್ಲಿಕೇಶನ್ ಫೈಲ್ ತೆರೆದು ಕೂತಿರುವಾಗಲೇ ಯಾರಾದರೂ ಕೇಬಲ್ ಕಿತ್ತರೆ ಡೆವ್‌ಎಂ ಆ ಸ್ಟ್ರಕ್ಚರನ್ನು ಬಿಡಿಸಿಬಿಡುತ್ತದೆ. ಆಮೇಲೆ ಬರುವ ರೀಡ್ ಕರೆ ಸತ್ತ ಮೆಮೊರಿಯನ್ನು ಮುಟ್ಟುತ್ತದೆ. ಅದಕ್ಕೆ ಎಷ್ಟು ಜನ ಬಳಸುತ್ತಿದ್ದಾರೆ ಅಂತ ಎಣಿಸುವ ಕೆರೆಫ್ ಬೇಕು. ಕರ್ನಲ್ ಜೊತೆ ಬರುವ ಯುಎಸ್‌ಬಿ-ಸ್ಕೆಲಿಟನ್ ಮಾದರಿ ಡ್ರೈವರ್ ಮಾಡುವುದೂ ಅದನ್ನೇ: ಪ್ರೋಬ್ ಎಲ್ಲೇ ಫೇಲ್ ಆದರೂ ಕೆರೆಫ್_ಪುಟ್, ಎಲ್ಲವನ್ನೂ ಬಿಡಿಸುವ ಒಂದೇ ಡಿಲೀಟ್ ಫಂಕ್ಷನ್. ಸ್ಟ್ರಕ್ಚರ್ ಸೊನ್ನೆಯಿಂದ ಶುರುವಾಗುತ್ತದೆ, ಕೆಫ್ರೀಗೂ ಯುಎಸ್‌ಬಿ_ಫ್ರೀ_ಯುಆರ್‌ಬಿಗೂ ನಲ್ ಕೊಟ್ಟರೆ ಏನೂ ಆಗುವುದಿಲ್ಲ. ಹಾಗಾಗಿ ಅರ್ಧ ಕಟ್ಟಿದ್ದನ್ನೂ ಅದು ಸರಿಯಾಗಿ ಬಿಚ್ಚುತ್ತದೆ. ಪೆಟ್ಟಿಗೆಗಳಿಗೆ ಮೊದಲು ಚಿಕ್ಕ ಲೇಬಲ್ ಪ್ಯಾಚ್ ಕಳಿಸಿ, ಮುಂದಿನ ಬಿಡುಗಡೆಯಲ್ಲಿ ಈ ರೂಪಕ್ಕೆ ಬದಲಿಸಿದೆ.

2023ರಲ್ಲಿ 6.5ರಿಂದ ಕರ್ನಲ್‌ನಲ್ಲಿ ವ್ಯಾಪ್ತಿ ಮುಗಿದಾಗ ತಾನಾಗಿ ಬಿಡಿಸುವ ‘__ಫ್ರೀ’ ಗುರುತೂ ಬಂದಿದೆ. ನಮ್ಮ 5.10ರಲ್ಲಿ ಅದಿಲ್ಲ. ಇರುವವರೂ ಒಂದೇ ಫಂಕ್ಷನ್‌ನಲ್ಲಿ ಗೋಟು ಮತ್ತು ಅದನ್ನು ಬೆರೆಸಬಾರದು ಅಂತ ಅದರ ದಾಖಲೆಯಲ್ಲೇ ಇದೆ.

ಈ ಥರದ ಲೀಕ್ ನಮ್ಮೊಬ್ಬರದೇ ಅಲ್ಲ. 2019ರಲ್ಲಿ ಕರ್ನಲ್‌ನ ಎರರ್ ದಾರಿಗಳ ಲೀಕ್‌ಗಳಿಗೆ ಸಾಲುಸಾಲಾಗಿ ಸಿವಿಇ (ಭದ್ರತಾ ದೋಷದ ಗುರುತು) ಸಂಖ್ಯೆ ಸಿಕ್ಕವು. ಸಿವಿಇ-2019-19063 ಆರ್‌ಟಿಎಲ್‌ವೈಫೈ ಡ್ರೈವರ್‌ನ ಯುಎಸ್‌ಬಿ ಪ್ರೋಬ್‌ನಲ್ಲಿದ್ದ ಎರಡು ಲೀಕ್‌ಗಳದ್ದು. ಒಂದೊಂದಕ್ಕೂ ಸಿವಿಇ ಬೇಕಿತ್ತಾ ಅಂತ ಆಗ ವಾದ ಆಗಿತ್ತು. ನಿಮಿಷಕ್ಕೊಮ್ಮೆ ಪ್ರೋಬ್ ಮಾಡಿಸುವ ಸ್ಕ್ರಿಪ್ಟ್ ಇರುವ ಪೆಟ್ಟಿಗೆ ನೋಡಿದ ಮೇಲೆ ನಾನಂತೂ ಬೇಕು ಅನ್ನುವವರ ಕಡೆ.

ಪ್ಯಾಚ್ ಹಾಕಿದ ಪೆಟ್ಟಿಗೆಯನ್ನು ಉಪಕರಣ ಆಫ್ ಮಾಡಿ ಏಳು ದಿನ ಬಿಟ್ಟೆವು. ಹತ್ತು ಸಾವಿರಕ್ಕೂ ಜಾಸ್ತಿ ಸಲ ಪ್ರೋಬ್ ಫೇಲ್ ಆಯಿತು. ಮೆಮ್‌ಇನ್ಫೋದ ಎಸ್‌ಅನ್‌ರಿಕ್ಲೇಮ್ ಸಾಲು (ಮೇಲೆ ಹೇಳಿದ ‘ಸ್ಲ್ಯಾಬ್_ಅನ್‌ರಿಕ್ಲೇಮಬಲ್’ ಲೆಕ್ಕವೇ) ಒಂದೆರಡು ಎಂಬಿ ಅತ್ತಿತ್ತ ಆಡಿದ್ದು ಬಿಟ್ಟರೆ ಮೇಲೆ ಹೋಗಲಿಲ್ಲ. ಎಂಟನೆಯ ದಿನ ಸ್ವಿಚ್ ಆನ್ ಮಾಡಿದೆವು. ಮುಂದಿನ ನಿಮಿಷಕ್ಕೆ ಸ್ಕ್ರಿಪ್ಟ್ ಬೈಂಡ್ ಮಾಡಿತು, ಮೊದಲ ಪ್ಯಾಕೆಟ್‌ನಿಂದಲೇ ಡೇಟಾ ಬಂತು.

ಫೇಲ್‌ಸ್ಲ್ಯಾಬ್ ಅಲೊಕೇಶನ್ ಮಾತ್ರ ಫೇಲ್ ಮಾಡಿಸುತ್ತದೆ, ಟೈಮ್‌ಔಟ್ ಅಲ್ಲ. ಹಾಗಾಗಿ ಡೀಬಗ್ ಬಿಲ್ಡ್‌ಗೆ ಒಂದು ಮಾಡ್ಯೂಲ್ ಪ್ಯಾರಾಮೀಟರ್ ಸೇರಿಸಿದ್ದೇವೆ: ಸಂಖ್ಯೆ ಕೊಟ್ಟರೆ ಪ್ರೋಬ್‌ನ ಅಷ್ಟನೆಯ ಹೆಜ್ಜೆ ಸುಮ್ನೆ ಎರರ್ ಕೊಟ್ಟು ವಾಪಸ್ ಬರುತ್ತದೆ. ನಮ್ಮ ಉಳಿದ ಎರಡು ಡ್ರೈವರ್‌ಗಳಿಗೂ ಅದನ್ನೇ ಹಾಕಿದೆವು. ಒಂದರಲ್ಲಿ ಕ್ಲಾಕ್ ಆನ್ ಮಾಡಿ ಎರರ್ ದಾರಿಯಲ್ಲಿ ಆಫ್ ಮಾಡದ್ದು ಸಿಕ್ಕಿತು. ಇನ್ನೊಂದರಲ್ಲಿ, ಮಲಗಿದ ಸಾಧನವನ್ನು ಎಬ್ಬಿಸುವ ಪಿಎಂ_ರನ್‌ಟೈಮ್_ಗೆಟ್_ಸಿಂಕ್. ಅದು ಫೇಲ್ ಆದರೂ ಎಣಿಕೆ ಏರಿಸಿಬಿಟ್ಟಿರುತ್ತದೆ, ಪುಟ್ ಮಾಡಲೇಬೇಕು. 5.10ರಲ್ಲಿ ಬಂದ ಪಿಎಂ_ರನ್‌ಟೈಮ್_ರೆಸ್ಯೂಮ್_ಅಂಡ್_ಗೆಟ್ ಹಾಗೆ ಮಾಡುವುದಿಲ್ಲ. ಅದಕ್ಕೆ ಬದಲಿಸುವ ಪ್ಯಾಚ್ ಈಗ ರಿವ್ಯೂನಲ್ಲಿದೆ, ಡಿಫ್ ಜೊತೆ ಇಡೀ ಪ್ರೋಬ್ ಫಂಕ್ಷನ್ನೂ ಅಂಟಿಸಿದ್ದೇನೆ.